ಒಂದೂವರೆ ಲಕ್ಷದ ಕ್ಯಾಮರಾ, ಸ್ಟುಡಿಯೊಗೇ ಬಂದು ತಗೊಂಡು ಹೋಗ್ತಾರಂತೆ. ದುಡ್ಡು ಹೆಂಗೆ ಇಸ್ಕೊಳ್ಳಲಿ?

ಶಿರಾಗೇಟ್ ಸ್ಟುಡಿಯೊ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ಹದಿನಾಲ್ಕು ವರ್ಷದಿಂದ ಮದುವೆ, ನಾಮಕರಣ, ಗೃಹಪ್ರವೇಶ ಅಂತ ಫೋಟೊ ತೆಗೆದು ಹೊಟ್ಟೆ ಹೊರೀತಿರೋನು ನಾನು. ಈ ಸೀಸನ್ನಿಗೆ ಮಿರರ್‌ಲೆಸ್ ತಗೊಳ್ಳೋಣ ಅಂತ ಹಳೇ ನಿಕಾನ್ ಡಿ850 ಬಾಡಿ, ಜೊತೆಗೆ 70-200 ಲೆನ್ಸು, ಎರಡೂ ಸೇರಿ ₹1,55,000 ಅಂತ ಮಾರಾಟದ ಆ್ಯಪ್ ಒಂದರಲ್ಲಿ ಹಾಕಿದ್ದೆ. ನಾಲ್ಕು ದಿನ ಬರೀ "ಲಾಸ್ಟ್ ಎಷ್ಟು ಬ್ರೋ" ಅನ್ನೋರೇ.

ನಿನ್ನೆ ಒಬ್ಬರು ಫೋನ್ ಮಾಡಿದ್ರು. ಬಹಳ ಮರ್ಯಾದಸ್ತರ ಮಾತು. ಒಂದು ರೂಪಾಯಿ ಚೌಕಾಸಿ ಮಾಡ್ಲಿಲ್ಲ. "ನಾನೀಗ ಹೈದರಾಬಾದಲ್ಲಿದ್ದೀನಿ ಸಾರ್, ನಮ್ಮ ತಮ್ಮನ ಮಗ ಬುಧವಾರ ನಿಮ್ಮ ಸ್ಟುಡಿಯೊಗೇ ಬರ್ತಾನೆ. ಅವನು ನೋಡಿ ಓಕೆ ಅಂದ್ರೆ ಕಂಪನಿ ಕಡೆಯಿಂದ ನಿಮ್ಮ ಅಕೌಂಟಿಗೆ ಹಾಕಿಸ್ತೀನಿ. ದುಡ್ಡು ಬಂದಿದ್ದು ನೋಡ್ಕೊಂಡೇ ಸಾಮಾನು ಕೊಡಿ" ಅಂದ್ರು.

ಕೇಳೋಕೆ ಎಲ್ಲಾ ಸರಿಯಾಗೇ ಇದೆ. ಆದ್ರೆ ನನ್ನ ಹೆಂಡತಿ "ಚೌಕಾಸಿ ಮಾಡದ ಗಿರಾಕಿನ ನಮ್ಮಪ್ಪ ಅಂಗಡಿ ಮೆಟ್ಲು ಹತ್ತಿಸ್ತಿರ್ಲಿಲ್ಲ" ಅಂತ ಕೂತವಳೆ. ಮಾವನದ್ದು ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ ಇತ್ತು, ಗಿರಾಕಿಗಳ ವಿಷಯದಲ್ಲಿ ಆ ಮನೆಯವರ ಮಾತು ತೆಗೆದುಹಾಕೋ ಹಾಗಿಲ್ಲ.

ನಾನು ಕೇಳೋದು ಇಷ್ಟೆ. ದುಡ್ಡು ಅಕೌಂಟಿಗೆ ಬಿತ್ತು ಅಂತ ಕಣ್ಣಾರೆ ನೋಡಿದ ಮೇಲೂ ಅದು ವಾಪಸ್ ಹೋಗೋ ಸಾಧ್ಯತೆ ಇದ್ಯಾ? ಫೋನ್‌ಪೇ, ಗೂಗಲ್ ಪೇ, ನೆಫ್ಟ್, ಕ್ಯಾಷ್, ಯಾವುದು ವಾಸಿ?

ಕ್ಯಾತ್ಸಂದ್ರ ತಟ್ಟೆ · 9:52

ಕ್ಯಾಷ್. ಇನ್ನೊಂದು ಮಾತಿಲ್ಲ.

ನಮ್ಮ ತಾತ ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತು ಮಾರೋರು. ಟವೆಲ್ ಕೆಳಗೆ ಬೆರಳು ಹಿಡ್ಕೊಂಡೇ ವ್ಯಾಪಾರ ಕುದುರೋದು, ಸುತ್ತ ನಿಂತೋರಿಗೆ ರೇಟೇ ಗೊತ್ತಾಗ್ತಿರ್ಲಿಲ್ಲ. ಆದ್ರೆ ದುಡ್ಡು ಎಣಿಸಿ ಸೊಂಟಕ್ಕೆ ಸಿಕ್ಕಿಸ್ಕೊಂಡ ಮೇಲೇನೇ ಹಗ್ಗ ಕೈ ಬದಲಾಗ್ತಿದ್ದಿದ್ದು. ಎತ್ತಿನ ಜಾಗದಲ್ಲಿ ಕ್ಯಾಮರಾ ಬಂದೈತೆ, ಇನ್ನೇನು ವ್ಯತ್ಯಾಸ?

ಬಂಗಾರಪೇಟೆ ಟೈಲರ್ · 10:05

ತಟ್ಟೆ ಅವರೇ, ಕ್ಯಾಷ್ ಇಟ್ಕೊಂಡು ಬನ್ನಿ ಅಂದ್ರೆ ಈಗಿನೋರು ಯಾರು ಬರ್ತಾರೆ? ನನ್ನ ಕತೆ ಕೇಳಿ.

ಎರಡು ವರ್ಷದ ಹಿಂದೆ ಎಂಬ್ರಾಯ್ಡರಿ ಮೆಷಿನ್ ಮಾರೋಕೆ ಹಾಕಿದ್ದೆ, ₹48,000. ಹಿಂದಿಯಲ್ಲಿ ಒಬ್ಬ ಫೋನ್ ಮಾಡಿ ತಾನು ಸೈನ್ಯದೋನು, ಬೆಂಗಳೂರಿಗೆ ವರ್ಗ ಆಗಿದೆ, ಹೆಂಡತಿಗೆ ಮೆಷಿನ್ ಬೇಕು ಅಂದ. ಗುರುತಿನ ಚೀಟಿ ಫೋಟೊ, ಯೂನಿಫಾರ್ಮ್ ಫೋಟೊ ಎಲ್ಲಾ ಕಳಿಸ್ದ. "ನಾಳೆ ನಮ್ಮ ಗಾಡಿ ಬಂದು ಎತ್ಕೊಂಡು ಹೋಗತ್ತೆ, ದುಡ್ಡು ಈಗ್ಲೇ ಹಾಕ್ತೀನಿ ದೀದಿ" ಅಂತ ಮೊದಲು ₹10 ಹಾಕ್ದ. ಬಂತು! ಆಮೇಲೆ ಒಂದು ಕ್ಯೂಆರ್ ಕಳಿಸಿ "ಇದನ್ನ ಸ್ಕ್ಯಾನ್ ಮಾಡಿದ್ರೆ ಪೂರ್ತಿ ದುಡ್ಡು ನಿಮಗೆ ಬರತ್ತೆ, ಸೈನ್ಯದ ಅಕೌಂಟ್ ಹಿಂಗೇ" ಅಂದ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ₹9,000 ಹೋಯ್ತು. "ಅಯ್ಯೋ, ತಪ್ಪಾಯ್ತು, ಇದನ್ನ ಮಾಡಿ, ಆ ದುಡ್ಡೂ ಸೇರಿ ವಾಪಸ್ ಬರತ್ತೆ" ಅಂತ ಇನ್ನೊಂದು ಕಳಿಸ್ದ. ಅದನ್ನೂ ಒತ್ತೋಳೇ ಇದ್ದೆ. ಎಂಟನೇ ಕ್ಲಾಸಿನ ಮಗಳು ಫೋನ್ ಕಿತ್ಕೊಂಡ್ಲು.

ಹತ್ತು ರೂಪಾಯಿ ನಿಜವಾಗ್ಲೂ ಬಂದಿದ್ದೇ ನನ್ನ ಕೆಡಿಸಿದ್ದು. ಅದು ಬರದೇ ಇದ್ದಿದ್ರೆ ನಂಬ್ತಿರ್ಲಿಲ್ಲ.

ನಿವೃತ್ತ ಕ್ಯಾಷಿಯರ್, ಕೋಲಾರ · 10:31

ತಂಗಿ, ನಿಮಗಾದದ್ದು ನಾನು ಕೌಂಟರಿನಲ್ಲಿ ಕೂತಿದ್ದ ಕೊನೆಯ ಐದು ವರ್ಷಗಳಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದ ಕತೆ. ಓದಿದವರೂ ಬೀಳುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಯುಪಿಐ ಪಿನ್ ಒತ್ತುವುದು ನಮ್ಮ ಖಾತೆಯಿಂದ ಹಣ ಹೊರಗೆ ಹೋಗಲು, ಇಲ್ಲವೇ ಬ್ಯಾಲೆನ್ಸ್ ನೋಡಲು. ಬರುವ ಹಣಕ್ಕೆ ಪಿನ್ನಿನ ಕೆಲಸವೇ ಇಲ್ಲ. ಒಬ್ಬರಿಂದ ಒಬ್ಬರಿಗೆ ದುಡ್ಡು ಕೇಳುವ "ಕಲೆಕ್ಟ್ ರಿಕ್ವೆಸ್ಟ್" ಎಂಬುದೊಂದು ಇತ್ತಲ್ಲ, ಅದನ್ನು 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ನಿಲ್ಲಿಸಿದೆ. ಹಾಗಂತ ಕ್ಯೂಆರ್ ಮೋಸ ನಿಂತಿಲ್ಲ. ಏಕೆಂದರೆ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಾವೇ ಕೈಯಾರೆ ಕಳಿಸಿದಂತೆ.

ಈಗ ಸ್ಟುಡಿಯೊ ಅವರ ಪ್ರಶ್ನೆ. ಮೊದಲನೆಯದಾಗಿ, ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಯುಪಿಐನಲ್ಲಿ ದಿನಕ್ಕೆ ₹1 ಲಕ್ಷದವರೆಗೆ ಮಾತ್ರ ಕಳಿಸಬಹುದು. ನಿಮ್ಮದು ಒಂದೂವರೆ ಲಕ್ಷ. ಒಂದೇ ಏಟಿಗೆ ಯುಪಿಐನಲ್ಲಿ ಹಾಕಿದೆ ಎಂದು ₹1,55,000ದ ಸ್ಕ್ರೀನ್‌ಶಾಟ್ ತೋರಿಸಿದರೆ ಅಲ್ಲೇ ಎದ್ದುಬಿಡಿ. ಹೊಸ ಫೋನಿನಲ್ಲಿ ಆ್ಯಪ್ ಹಾಕಿಕೊಂಡವರಿಗಂತೂ ಮೊದಲ 24 ಗಂಟೆ ₹5,000ಕ್ಕಿಂತ ಹೆಚ್ಚು ಹೋಗುವುದಿಲ್ಲ.

ನೆಫ್ಟ್ ಈಗ ಹಗಲೂ ರಾತ್ರಿ, ಭಾನುವಾರವೂ ಇದೆ, 2019ರ ಡಿಸೆಂಬರಿನಿಂದ. ಆದರೆ ಅದು ಅರ್ಧ ಗಂಟೆಗೊಂದು ಕಂತಿನಲ್ಲಿ ಹೋಗುತ್ತದೆ. ಆದ್ದರಿಂದ "ಹಾಕಿದ್ದೇನೆ, ಬರುತ್ತೆ" ಎನ್ನುವ ಮಾತಿಗೆ ಅಲ್ಲಿ ಎಡೆಯಿದೆ, ಮೋಸಗಾರರು ಬದುಕುವುದೇ ಆ ಅರ್ಧ ಗಂಟೆಯಲ್ಲಿ. ಕೆಲವರು ನಾಳೆಗೆ ಶೆಡ್ಯೂಲ್ ಮಾಡಿದ ನೆಫ್ಟಿನ ಪುಟ ತೋರಿಸಿ ಸಾಮಾನು ಎತ್ತಿಕೊಂಡು ಹೋಗಿ, ಬಸ್ಸಿನಲ್ಲಿ ಕೂತು ರದ್ದು ಮಾಡುತ್ತಾರೆ. ಐಎಂಪಿಎಸ್ ತಕ್ಷಣ ಬರುತ್ತದೆ, ₹5 ಲಕ್ಷದವರೆಗೂ ಹೋಗುತ್ತದೆ. ಆದರೆ ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನವೇ ದೊಡ್ಡ ಮೊತ್ತ ಕಳಿಸಲು ಬಹಳ ಬ್ಯಾಂಕುಗಳು ಬಿಡುವುದಿಲ್ಲ. ಅದಕ್ಕೇ ಕೊಳ್ಳುವವರಿಗೆ ಹಿಂದಿನ ದಿನವೇ ನಿಮ್ಮ ಖಾತೆ ಸೇರಿಸಿ ಒಂದು ರೂಪಾಯಿ ಹಾಕಲು ಹೇಳಿ. ಬಂದ ರೂಪಾಯಿಯ ಜೊತೆ ಯಾರ ಹೆಸರು ಬಂತು ಎಂಬುದನ್ನು ಬರೆದಿಟ್ಟುಕೊಳ್ಳಿ.

ಎಸ್‌ಎಂಎಸ್ ನಂಬಬೇಡಿ. ಹತ್ತಂಕಿಯ ಮೊಬೈಲ್ ನಂಬರಿನಿಂದ "ನಿಮ್ಮ ಖಾತೆಗೆ ಜಮೆಯಾಗಿದೆ" ಎಂದು ಬಂದರೆ ಅದು ಬ್ಯಾಂಕಿನದ್ದಲ್ಲ. ಎದುರಿನವರ ಫೋನಿನಲ್ಲಿ ಕಾಣುವ ಹಸಿರು ಟಿಕ್ಕನ್ನೂ ನಂಬಬೇಡಿ, ಹಾಗೆ ಟಿಕ್ ತೋರಿಸಲಿಕ್ಕೆಂದೇ ನಕಲಿ ಆ್ಯಪ್‌ಗಳಿವೆ, ಸದ್ದನ್ನೂ ಮಾಡುತ್ತವೆ. ನಿಮ್ಮ ಆ್ಯಪ್ ನೀವೇ ತೆಗೆದು, ಪಾಸ್‌ಬುಕ್ ಪುಟ ನೋಡಿ.

ಶಿರಾಗೇಟ್ ಸ್ಟುಡಿಯೊ · 10:44

ಸಾರ್, ಬಹಳ ಉಪಕಾರ. ಅಂದ್ರೆ ನನ್ನ ಆ್ಯಪ್‌ನಲ್ಲಿ ನಾನೇ ನೋಡ್ಕೊಂಡು, ದುಡ್ಡು ಬಂದಿದ್ದು ಖಾತ್ರಿ ಆದ್ರೆ ಆಯ್ತು ಅನ್ನಿ. ಹಂಗಾದ್ರೆ ಈ ಹೈದರಾಬಾದಿನೋರು ಹೇಳ್ತಿರೋದರಲ್ಲಿ ತೊಂದರೆ ಇಲ್ಲ ಅಲ್ವಾ? ದುಡ್ಡು ಬಂದ ಮೇಲೇ ಕೊಡಿ ಅಂತ ಅವರೇ ಹೇಳಿದ್ದಾರಲ್ಲ.

ಚಿಂತಾಮಣಿ ಹೈನು · 11:20

ಅಣ್ಣಾ, ಕೊಡ್ಬೇಡಿ. ನಾನು ಇಲ್ಲಿ ಬರೆಯೋನಲ್ಲ, ಓದ್ಕೊಂಡು ಹೋಗೋನು. ನಿಮ್ಮ ಕೊನೇ ಸಾಲು ನೋಡಿ ಸುಮ್ನಿರೋಕಾಗ್ಲಿಲ್ಲ.

ಕಳೆದ ವರ್ಷ ನನ್ನ ಐಫೋನ್ ಮಾರಿದೆ, ₹62,000. ಹುಡುಗ ಚಿಂತಾಮಣಿ ಬಸ್ ಸ್ಟ್ಯಾಂಡ್ ಹತ್ರ ಬಂದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬೇಕು. ಇಬ್ರೂ ಟೀ ಕುಡಿದ್ವಿ, ಟೀ ದುಡ್ಡೂ ಅವನೇ ಕೊಟ್ಟ. ಫೋನ್ ತಿರುಗಿಸಿ ಮುರುಗಿಸಿ ನೋಡಿ, ಯಾರಿಗೋ ಕರೆ ಮಾಡಿ, ನನ್ನ ಯುಪಿಐ ಐಡಿ ಹೇಳ್ದ. ಐದು ನಿಮಿಷಕ್ಕೆ ₹62,000 ಬಂತು. ಬೇರೆ ಯಾರದೋ ಹೆಸರು, ಹೆಂಗಸಿನ ಹೆಸರು. "ಅಕ್ಕಂದು ಅಣ್ಣಾ, ನನ್ನ ಲಿಮಿಟ್ ಮುಗಿದೋಗಿದೆ" ಅಂದ. ನಾನೂ ಬುದ್ಧಿವಂತ ಅಂದ್ಕೊಂಡೋನೇ. ಬ್ಯಾಂಕ್ ಆ್ಯಪ್ ತೆಗೆದೆ, ಬ್ಯಾಲೆನ್ಸ್ ನೋಡಿದೆ, ಸಾಲದು ಅಂತ ಎದುರಿಗಿದ್ದ ಎಟಿಎಮ್‌ಗೆ ಹೋಗಿ ಐದು ಸಾವಿರ ತೆಗೆದೂ ನೋಡಿದೆ. ಬಂತು. ಫೋನ್ ಕೊಟ್ಟು ಕೈ ಕುಲುಕಿ ಕಳಿಸ್ದೆ.

ಒಂಬತ್ತನೇ ದಿನ. ಡೇರಿ ದುಡ್ಡು ಬಂದಿತ್ತು, ಹಿಂಡಿ ಬೂಸಾ ತರೋಣ ಅಂತ ಎಟಿಎಮ್‌ಗೆ ಹೋದ್ರೆ ದುಡ್ಡು ಬರ್ತಿಲ್ಲ. ಬ್ಯಾಂಕಿಗೆ ಹೋದೆ. "ನಿಮ್ಮ ಅಕೌಂಟ್ ಫ್ರೀಜ್ ಆಗಿದೆ, ಬೇರೆ ರಾಜ್ಯದ ಸೈಬರ್ ಪೊಲೀಸರ ಪತ್ರ ಬಂದಿದೆ" ಅಂದ್ರು. ಕಾಲು ನಡುಗಿಬಿಟ್ವು.

ನಡೆದಿದ್ದೇನು ಅಂತ ಆಮೇಲೆ ಗೊತ್ತಾಯ್ತು. ಆ ದುಡ್ಡು ಹಾಕಿದ ಹೆಂಗಸು ಯಾರ ಅಕ್ಕನೂ ಅಲ್ಲ. ಎಲ್ಲೋ ದೂರದ ಊರಿನ ಗೃಹಿಣಿ. "ಮನೆಯಲ್ಲೇ ಕೂತು ಕೆಲಸ, ಮೊದಲು ಡೆಪಾಸಿಟ್ ಕಟ್ಟಿ" ಅಂತ ಅವರಿಗೆ ಗಾಳ ಹಾಕಿದ್ದಾರೆ. ಡೆಪಾಸಿಟ್ ಕಟ್ಟೋಕೆ ಕೊಟ್ಟಿದ್ದು ನನ್ನ ಯುಪಿಐ ಐಡಿ. ನಾನು ಬಸ್ ಸ್ಟ್ಯಾಂಡಲ್ಲಿ ಟೀ ಕುಡೀತಿದ್ದಾಗ ಆಯಮ್ಮ ಅಲ್ಲಿ ಪಿನ್ ಒತ್ತುತಾ ಇದ್ರು. ಅವರ ದುಡ್ಡು ನನಗೆ ಬಂತು, ನನ್ನ ಫೋನು ಕಳ್ಳನಿಗೆ ಹೋಯ್ತು. ಕಳ್ಳನ ಅಕೌಂಟು ಎಲ್ಲೂ ಇಲ್ಲ. ಪೊಲೀಸರ ಕಾಗದದಲ್ಲಿ ದುಡ್ಡು ತಿಂದೋನು ಅಂತ ಇರೋದು ನಾನು.

ಐದು ತಿಂಗಳು ಓಡಾಡಿದೆ. ಕೊನೆಗೆ ₹62,000 ಆಯಮ್ಮನಿಗೆ ವಾಪಸ್ ಹೋಯ್ತು, ನನ್ನ ಅಕೌಂಟ್ ಬಿಡ್ತು. ಆಯಮ್ಮನ ಮೇಲೆ ನನಗೆ ಸಿಟ್ಟಿಲ್ಲ, ಅವರ ದುಡ್ಡೇ ಅದು. ಆ ಟೀ ನೆನಪಾದ್ರೆ ಮಾತ್ರ ಮೈ ಉರಿಯುತ್ತೆ.

ಅದಕ್ಕೇ ಹೇಳ್ತಿರೋದು ಅಣ್ಣಾ. ದುಡ್ಡು ಬಂತಾ ಅಂತ ಮಾತ್ರ ನೋಡ್ಬೇಡಿ, ಯಾರ ದುಡ್ಡು ಬಂತು ಅಂತ ನೋಡಿ. ನಿಮ್ಮೋನು "ಕಂಪನಿ ಕಡೆಯಿಂದ ಹಾಕಿಸ್ತೀನಿ" ಅಂದಿದ್ದಾನಲ್ಲ, ನನ್ನೋನು "ಅಕ್ಕಂದು" ಅಂದಿದ್ದ. ಎರಡೂ ಒಂದೇ.

ಕ್ಯಾತ್ಸಂದ್ರ ತಟ್ಟೆ · 11:26

ಅಯ್ಯೋ ಶಿವನೇ. ನಿಜವಾದ ದುಡ್ಡು ಬಂದೂ ಮೋಸ!

ಆದ್ರೂ ಒಂದು ಅರ್ಥ ಆಗ್ಲಿಲ್ಲ. ನೀವು ತಪ್ಪೇ ಮಾಡಿಲ್ಲ. ಸಾಮಾನು ಕೊಟ್ಟು ದುಡ್ಡು ಇಸ್ಕೊಂಡ್ರಿ. ಅಂಗಡಿಯೋನು ಕದ್ದ ನೋಟು ಇಸ್ಕೊಂಡ್ರೆ ಅವನ ಗಲ್ಲಾಪೆಟ್ಟಿಗೆ ಸೀಲ್ ಮಾಡ್ತಾರಾ?

ತಿಪಟೂರು ವಕೀಲ · ಮಂಗಳವಾರ ಬೆಳಿಗ್ಗೆ 7:15

ತಟ್ಟೆಯವರ ಪ್ರಶ್ನೆ ಒಳ್ಳೆಯದು, ಹೈಕೋರ್ಟುಗಳ ಮುಂದೂ ಬರುತ್ತಿರುವುದೇ. ನೋಟಿಗೆ ಹೆಜ್ಜೆಗುರುತು ಇಲ್ಲ, ಬ್ಯಾಂಕಿನ ಹಣಕ್ಕೆ ಇದೆ. ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಕೂಡಲೇ ಆ ಹಣ ಯಾವ ಖಾತೆಗೆ, ಅಲ್ಲಿಂದ ಯಾವ ಖಾತೆಗೆ ಹೋಯಿತು ಎಂದು ಹಿಂಬಾಲಿಸಿ ತಡೆಹಿಡಿಯುತ್ತಾರೆ. ಆ ಹೊತ್ತಿಗೆ ಖಾತೆದಾರ ಕಳ್ಳನೋ ಸಂಭಾವಿತನೋ ಎಂದು ಯಾರಿಗೂ ಗೊತ್ತಿರುವುದಿಲ್ಲ, ತಡಮಾಡಿದರೆ ಹಣವೇ ಮಾಯ. ವಶಪಡಿಸಿಕೊಳ್ಳುವ ಅಧಿಕಾರ ಹಿಂದೆ ಅಪರಾಧ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) 102ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್ 106ನೇ ಕಲಂ.

ಹೀಗಾದವರು ಮೊದಲು ಬ್ಯಾಂಕಿನಲ್ಲಿ ದೂರಿನ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತಕ್ಕೆ ತಡೆ ಎಂಬುದನ್ನು ಬರೆಸಿಕೊಳ್ಳಬೇಕು. ಇಡೀ ಖಾತೆ ನಿಲ್ಲಿಸಿದ್ದರೆ, ವಿವಾದದ ಮೊತ್ತಕ್ಕೆ ಮಾತ್ರ ಲೀನ್ (ತಡೆ) ಇಟ್ಟು ಉಳಿದದ್ದನ್ನು ಬಿಡಿ ಎಂದು ಅರ್ಜಿ ಕೊಡಿ. ತನಿಖಾಧಿಕಾರಿಗೆ ಜಾಹೀರಾತು, ಮಾತುಕತೆಯ ಚಾಟ್, ವಸ್ತುವಿನ ಬಿಲ್, ಕೊಂಡವನ ಫೋಟೊ ಎಲ್ಲ ಕಳಿಸಬೇಕು. ಅವರು ಒಪ್ಪದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲಿ ನಿಮ್ಮ ಕಡೆಯಿಂದಲೂ ಒಂದು ದೂರು ಕೊಡಿ, ನೀವೂ ಮೋಸಹೋದವರೇ ಎಂಬುದು ದಾಖಲೆಯಲ್ಲಿರಲಿ. ಇದನ್ನು ಬಹಳ ಜನ ಮಾಡುವುದಿಲ್ಲ. ಹೆದರಿ ಸುಮ್ಮನಾಗುತ್ತಾರೆ, ಹಾಗೆ ಸುಮ್ಮನಾಗಿದ್ದೇ ಅವರ ಮೇಲೆ ಅನುಮಾನ ಹೆಚ್ಚಿಸುತ್ತದೆ.

ಕ್ಯಾಷ್ ಎನ್ನುವವರಿಗೂ ಒಂದು ಮಾತು. ಒಬ್ಬರಿಂದ ಒಂದೇ ವ್ಯವಹಾರಕ್ಕೆ ₹2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಇಸ್ಕೊಳ್ಳುವಂತಿಲ್ಲ, 2017ರ ಏಪ್ರಿಲಿನಿಂದ. ಇಸ್ಕೊಂಡರೆ ಅಷ್ಟೇ ಮೊತ್ತದ ದಂಡ, ಅದೂ ಇಸ್ಕೊಂಡವರಿಗೆ. ಎರಡು ಕಂತು ಮಾಡಿದರೂ ವ್ಯವಹಾರ ಒಂದೇ ಆದ್ದರಿಂದ ತಪ್ಪಿಸಿಕೊಳ್ಳಲಾಗದು. ಸ್ಟುಡಿಯೊ ಅವರದ್ದು ಅದರೊಳಗೇ ಇದೆ, ಚಿಂತೆಯಿಲ್ಲ.

ಗುಬ್ಬಿ ಟು ಮ್ಯಾಂಚೆಸ್ಟರ್ · 1:10

ಇಲ್ಲಿ ಇಂಗ್ಲೆಂಡಿನಲ್ಲಿ ಇದೇ ಗೋಳು ಬೇರೆ ವೇಷದಲ್ಲಿದೆ. ನನ್ನ ಸೈಕಲ್ ಮಾರುವಾಗ ಕೊಳ್ಳೋನು "ಮನೆಗೇ ಬಂದು ತಗೊಂಡು ಹೋಗ್ತೀನಿ, ಪೇಪಾಲ್‌ನಲ್ಲಿ ಹಾಕ್ತೀನಿ" ಅಂದ. ನಾನು ಒಲ್ಲೆ ಅಂದೆ. ಪೇಪಾಲ್‌ನಲ್ಲಿ ಕೊಂಡವನಿಗೆ ತಕರಾರು ಎತ್ತೋಕೆ 180 ದಿನ ಇದೆ. "ಸಾಮಾನು ನನಗೆ ತಲುಪಲೇ ಇಲ್ಲ" ಅಂದುಬಿಟ್ರೆ ಮಾರಿದವನು ಕಳಿಸಿದ್ದಕ್ಕೆ ಟ್ರ್ಯಾಕಿಂಗ್ ಪುರಾವೆ ಕೊಡ್ಬೇಕು. ಬಾಗಿಲಲ್ಲಿ ನಿಂತು ಕೈಗೆ ಕೊಟ್ಟಿದ್ದಕ್ಕೆ ಯಾವ ಟ್ರ್ಯಾಕಿಂಗ್? ಮಾರಾಟಗಾರನಿಗೆ ಅವರು ಕೊಡೋ ರಕ್ಷಣೆ ಪಾರ್ಸಲ್ ಕಳಿಸೋರಿಗೆ ಮಾಡಿದ್ದು. ಕಾರ್ಡಿನಿಂದ ಕಟ್ಟಿದ ದುಡ್ಡಿಗೆ ಬ್ಯಾಂಕಿನ ಮೂಲಕ ವಾಪಸ್ ಕೇಳೋ ದಾರಿ ಬೇರೆ ಇದೆ. ಕಾಗದ ಇಲ್ಲದ ಕೈವ್ಯಾಪಾರದಲ್ಲಿ ಈ ಊರಲ್ಲೂ ಮಾರೋನೇ ಬಡಪಾಯಿ. ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿಸ್ಕೊಂಡು, ಅವನೆದುರೇ ಅಕೌಂಟ್ ನೋಡಿ ಕೊಟ್ಟೆ.

ನಿಮ್ಮ ಕಡೆ ಯಾರಾದ್ರೂ "ಪೇಪಾಲ್‌ನಿಂದ ಹಾಕಿದ್ದೀನಿ, ಇಮೇಲ್ ನೋಡಿ" ಅಂದ್ರೆ ಓದೋಕೂ ಹೋಗ್ಬೇಡಿ. ಭಾರತದೊಳಗಿನ ಪಾವತಿ ಸೇವೆಯನ್ನ ಪೇಪಾಲ್ 2021ರ ಏಪ್ರಿಲ್ 1ರಿಂದ ನಿಲ್ಲಿಸಿಬಿಟ್ಟಿದೆ.

(ಗುಬ್ಬಿಯಲ್ಲಿ ಮಳೆ ಆಯ್ತಾ? ಅಮ್ಮ ಫೋನಲ್ಲಿ ಸರಿಯಾಗಿ ಹೇಳಲ್ಲ.)

ಮಧುಗಿರಿ ಬೆಟ್ಟ · 1:48

ಗುಬ್ಬಿಯಲ್ಲಿ ಮೊನ್ನೆ ಹದವಾಗಿ ಬಿತ್ತು ಗುರು.

ನಂದು ಟ್ರ್ಯಾಕ್ಟರ್ ಕತೆ. ₹3,40,000ಕ್ಕೆ ಮಾತಾಗಿತ್ತು. ಗಿರಾಕಿ ನಾಲ್ಕನೇ ಶನಿವಾರ ಸಂಜೆ ಡಿಡಿ ಹಿಡ್ಕೊಂಡು ಬಂದ. ಡಿಡಿ ಅಂದ್ರೆ ದುಡ್ಡು ಇದ್ದಂಗೇ ಅಂತ ನಮ್ಮಪ್ಪನ ಕಾಲದ ನಂಬಿಕೆ, ಅಪ್ಪ ಬೀಗದ ಕೈ ತೆಗೆಯೋಕೂ ಎದ್ದಿದ್ರು. ನಾನು "ಸೋಮವಾರ ಬ್ಯಾಂಕ್ ತೆಗೀಲಿ, ಡಿಡಿ ಕೊಟ್ಟ ಬ್ರಾಂಚಿಗೇ ಇಬ್ರೂ ಹೋಗಿ ಕೇಳೋಣ, ಅಲ್ಲೀವರೆಗೂ ಗಾಡಿ ಇಲ್ಲೇ ಇರತ್ತೆ, ಊಟ ಮಾಡ್ಕೊಂಡು ಹೋಗಿ" ಅಂದೆ. ಊಟ ಮಾಡ್ದ. ಮುದ್ದೆ ಎರಡು ಸಲ ಹಾಕಿಸ್ಕೊಂಡ. ಸೋಮವಾರ ಬರಲೇ ಇಲ್ಲ. ಡಿಡಿ ಕಲರ್ ಪ್ರಿಂಟು.

ನಾಲ್ಕನೇ ಶನಿವಾರ ಬ್ಯಾಂಕ್ ರಜಾ ಅಂತ ಲೆಕ್ಕ ಹಾಕ್ಕೊಂಡೇ ಬಂದಿದ್ದ. ಚೆಕ್ಕಿನದ್ದೂ ಅದೇ ಪಾಡು. ಈಗ ಚೆಕ್ಕು ಬೇಗ ಕ್ಲಿಯರ್ ಆಗತ್ತೆ, ಆದ್ರೆ ಕ್ಲಿಯರ್ ಆಗೋವರೆಗೂ ಅದು ಕಾಗದ. ಬೌನ್ಸ್ ಆದ್ರೆ ಕೇಸ್ ಹಾಕ್ಬಹುದು ಅಂತಾರೆ. ಕೇಸ್ ಹಾಕೋಕೆ ಅವನ ಮನೆ ಎಲ್ಲಿ ಅಂತ ಗೊತ್ತಿರಬೇಕಲ್ಲ.

ಗಾಡಿ ಮಾರೋರಿಗೆ ಇನ್ನೊಂದು. ದುಡ್ಡು ಬಂತು ಅಂತ ಆರ್‌ಸಿ ಕೊಟ್ಟು ಸುಮ್ನಾಗ್ಬೇಡಿ. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ, ಮಾರಿದ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಹೆಸರು ಬದಲಾಗದೆ ಅವನು ಎಲ್ಲಾದ್ರೂ ಗುದ್ದಿದ್ರೆ, ಪುಸ್ತಕದಲ್ಲಿ ಹೆಸರಿರೋನೇ ಮಾಲೀಕ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಪರಿಹಾರ ನಿಮ್ಮ ತಲೆಗೆ. ನಮ್ಮ ಕಡೆ ಕೆಎ-64 ಗಾಡಿಗಳು ಎಷ್ಟು ಇನ್ನೂ ಸತ್ತೋರ ಹೆಸರಲ್ಲೇ ಓಡ್ತಿವೆಯೋ.

ತಿಪಟೂರು ವಕೀಲ · 2:05

ಬೆಟ್ಟದವರು ಹೇಳಿದ್ದು ಸರಿ. ಚೆಕ್ ಬೌನ್ಸ್ ಕೇಸಿನ 138ನೇ ಕಲಮಿನ ಬಗ್ಗೆ ಸೇರಿಸುವುದು ಇಷ್ಟೆ: ಚೆಕ್ ವಾಪಸ್ಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕೊಡಲು ಅವನಿಗೆ 15 ದಿನ, ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಒಂದು ದಿನಾಂಕ ತಪ್ಪಿದರೂ ಕೇಸು ಬಡವಾಗುತ್ತದೆ.

ಬಂಗಾರಪೇಟೆ ಟೈಲರ್ · 2:30

ನನ್ನದೊಂದು ಪ್ರಶ್ನೆ. ಎಲ್ಲರೂ ದುಡ್ಡಿನದ್ದೇ ಮಾತಾಡ್ತಿದ್ದೀರಿ. ನಮ್ಮಂಥ ಹೆಂಗಸರು ಮನೇಲಿ ಒಬ್ರೇ ಇರ್ತೀವಿ. ದೊಡ್ಡ ಸಾಮಾನು ನೋಡೋಕೆ ಮನೆಗೇ ಬರ್ತೀವಿ ಅಂತಾರೆ. ಬೇಡ ಅಂದ್ರೆ ವ್ಯಾಪಾರ ಹೋಗತ್ತೆ. ಆಮೇಲೆ ಆ ಮೆಷಿನ್ ಮಾರಿದೆ, ಆದ್ರೆ ನೋಡೋಕೆ ಬಂದಿದ್ದು ಮೂರು ಜನ ಗಂಡಸರು, ಬೀದಿಯೋರನ್ನೆಲ್ಲ ಕರೆದು ಜಗಲಿ ಮೇಲೆ ಕೂರಿಸ್ಕೊಂಡಿದ್ದೆ. ದುಡ್ಡು ಎಣಿಸೋವಾಗ ಕೈ ನಡುಗ್ತಿತ್ತು, ಖೋಟಾ ನೋಟು ಯಾವುದು ಅಂತ ನೋಡೋ ತಾಳ್ಮೆ ಎಲ್ಲಿಂದ ಬರ್ಬೇಕು?

ನಿವೃತ್ತ ಕ್ಯಾಷಿಯರ್, ಕೋಲಾರ · 4:40

ತಂಗಿ, ಸರಿಯಾದ ಜಾಗಕ್ಕೆ ಬಂದಿರಿ. ನಾನು ನನ್ನ ಮಕ್ಕಳಿಗೆ ಹೇಳಿರುವುದನ್ನೇ ಹೇಳುತ್ತೇನೆ. ಸಾಮಾನು ಹೊರಲಾಗದ್ದಾದರೆ ನೋಡಲಿಕ್ಕೆ ಮಾತ್ರ ಮನೆ, ಅದೂ ಅಕ್ಕಪಕ್ಕದವರಿದ್ದಾಗ. ದುಡ್ಡಿನ ಕೆಲಸ ನಿಮ್ಮ ಖಾತೆಯಿರುವ ಬ್ಯಾಂಕಿನ ಶಾಖೆಯೊಳಗೆ, ಮಧ್ಯಾಹ್ನದೊಳಗೆ. ಅಲ್ಲಿ ಕ್ಯಾಮರಾ ಇದೆ, ಜನ ಇದ್ದಾರೆ, ಎಣಿಸುವ ಯಂತ್ರವಿದೆ.

ನಗದು ಕೊಡುವವರಾದರೆ ನಿಮ್ಮ ಕೈಗೆ ಕೊಡುವುದೇ ಬೇಡ. ಚಲನ್ ಬರೆದು ನೇರವಾಗಿ ನಿಮ್ಮ ಖಾತೆಗೆ ಕಟ್ಟಿಸಿ. ದೊಡ್ಡ ಮೊತ್ತವಾದರೆ ಬ್ಯಾಂಕು ಪ್ಯಾನ್ ಕೇಳಬಹುದು, ಮರೆಯಬೇಡಿ. ಖೋಟಾ ನೋಟಿದ್ದರೆ ಯಂತ್ರವೇ ಹೇಳುತ್ತದೆ. ಖೋಟಾ ಎಂದು ತಿಳಿದ ನೋಟನ್ನು ಬ್ಯಾಂಕು ವಾಪಸ್ ಕೊಡುವಂತಿಲ್ಲ, ಮುದ್ರೆ ಒತ್ತಿ ಇಟ್ಟುಕೊಂಡು ರಸೀದಿ ಕೊಡುತ್ತದೆ. ಒಂದೇ ಸಲ ಕಟ್ಟಿದ ಹಣದಲ್ಲಿ ಐದು ಅಥವಾ ಹೆಚ್ಚು ಸಿಕ್ಕರೆ ಪೊಲೀಸರಿಗೆ ಎಫ್‌ಐಆರ್‌ಗೆ ಹೋಗಬೇಕು. ನೀವು ಮನೆಯಲ್ಲಿ ಇಸ್ಕೊಂಡು ಮರುದಿನ ಕಟ್ಟಲು ಹೋದರೆ ಆ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಬೇಕಾದವರು ನೀವು. ಅವನೇ ಕಟ್ಟಿದರೆ ಅವನು. ಈ ಒಂದು ವ್ಯತ್ಯಾಸ ಜನಕ್ಕೆ ತಿಳಿಯುವುದಿಲ್ಲ.

"ಬ್ಯಾಂಕಿಗೆ ಬನ್ನಿ" ಎಂದ ಕೂಡಲೇ ಅರ್ಧ ಜನ ಫೋನ್ ಎತ್ತುವುದನ್ನೇ ಬಿಡುತ್ತಾರೆ. ಬಿಡಲಿ.

ಚಿಂತಾಮಣಿ ಹೈನು · 5:02

ಸಾರ್ ಹೇಳಿದ್ದಕ್ಕೆ ನನ್ನದೊಂದು ಸೇರಿಸ್ತೀನಿ. ಬಂದೋನ ಆಧಾರ್ ಅಥವಾ ಡಿಎಲ್ ನೋಡಿ, ಅದರಲ್ಲಿರೋ ಹೆಸರು, ದುಡ್ಡು ಬಂದ ಅಕೌಂಟಿನ ಹೆಸರು, ಎರಡೂ ಒಂದೇ ಇರಬೇಕು. ಅಪ್ಪ ಕಳಿಸ್ತಾರೆ ಅಂದ್ರೆ ಅಪ್ಪನೇ ಬರಲಿ. ಬಿಳೀ ಹಾಳೆ ಮೇಲೆ ಇಂಥ ಸಾಮಾನು, ಸೀರಿಯಲ್ ನಂಬರ್ ಇಷ್ಟು, ಇಷ್ಟು ದುಡ್ಡಿಗೆ ಮಾರಿದೆ ಅಂತ ಬರೆದು ಇಬ್ರೂ ಸಹಿ ಹಾಕಿ, ಅವನು ಸಾಮಾನು ಹಿಡ್ಕೊಂಡಿರೋ ಫೋಟೊ ತೆಗೀರಿ. ನನ್ನ ಹತ್ರ ಒಂದು ಫೋಟೊ ಇದ್ದಿದ್ರೆ ಐದು ತಿಂಗಳು ಒಂದು ತಿಂಗಳಾಗ್ತಿತ್ತು ಅಂತ ಆ ಇನ್ಸ್‌ಪೆಕ್ಟರೇ ಫೋನಲ್ಲಿ ಹೇಳಿದ್ರು.

ಶಿರಾಗೇಟ್ ಸ್ಟುಡಿಯೊ · ಮಂಗಳವಾರ ರಾತ್ರಿ 8:55

ಹೈದರಾಬಾದಿಗೆ ಫೋನ್ ಮಾಡಿದೆ. ಸ್ಪೀಕರ್‌ನಲ್ಲಿಟ್ಟು, ಹೆಂಡತಿನ ಪಕ್ಕದಲ್ಲಿ ಕೂರಿಸ್ಕೊಂಡು.

"ಸಾರ್, ಕಂಪನಿ ದುಡ್ಡು ಬೇಡ. ನಿಮ್ಮ ತಮ್ಮನ ಮಗ ಅವರ ಅಕೌಂಟಿಂದಾನೇ ಹಾಕ್ಲಿ, ಇವತ್ತು ಒಂದು ರೂಪಾಯಿ ಹಾಕಿ ಹೆಸರು ತೋರಿಸ್ಲಿ, ನಾಳೆ ಬಿ.ಎಚ್. ರಸ್ತೆಯ ನನ್ನ ಬ್ಯಾಂಕಲ್ಲಿ ಸಿಗೋಣ" ಅಂದೆ. ಎರಡು ಸೆಕೆಂಡ್ ಸದ್ದಿಲ್ಲ. ಆಮೇಲೆ ನಮ್ಮ ಆಡಿಟರ್ ಒಪ್ಪಲ್ಲ ಅಂದ್ರು. ಅವನು ಸ್ಟೂಡೆಂಟ್, ಅಕೌಂಟಲ್ಲಿ ಅಷ್ಟು ದುಡ್ಡಿಲ್ಲ ಅಂದ್ರು. ನೀವು ಅವನ ಅಕೌಂಟಿಗೆ ಹಾಕಿ, ಅವನು ನನಗೆ ಹಾಕ್ಲಿ ಅಂದೆ. ಅದಕ್ಕೆ "ನಂಬಿಕೆ ಇಲ್ಲ ಅಂದ್ರೆ ವ್ಯಾಪಾರಕ್ಕೆ ಯಾಕೆ ಇಳೀಬೇಕು" ಅಂತ ರೇಗಿದ್ರು. ಮರ್ಯಾದೆ ಮಾತೆಲ್ಲ ಅಲ್ಲಿಗೆ ಮುಗೀತು. ಹತ್ತು ನಿಮಿಷ ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಒಂದು ಕ್ಯೂಆರ್ ಬಂತು, "ಟೋಕನ್ ₹5,000 ರಿಸೀವ್ ಮಾಡ್ಕೊಳ್ಳಿ" ಅಂತ. ಟೈಲರ್ ಅಕ್ಕ, ನಿಮ್ಮ ಸೈನಿಕನ ತಮ್ಮನೇ ಇರಬೇಕು. ಬ್ಲಾಕ್ ಮಾಡಿ ನಂಬರನ್ನ ಸೈಬರ್ ಕ್ರೈಮ್ ಪೋರ್ಟಲ್‌ಗೂ ಹಾಕಿದೆ.

ಹೆಂಡತಿ ಏನೂ ಅನ್ಲಿಲ್ಲ. ಎದ್ದು ಹೋಗಿ ಟೀ ಮಾಡ್ಕೊಂಡು ಬಂದ್ಲು, ಅವಳಿಗೊಬ್ಬಳಿಗೇ.

ಶಿರಾಗೇಟ್ ಸ್ಟುಡಿಯೊ · ಮುಂದಿನ ಸೋಮವಾರ, ಸಂಜೆ 6:20

ಹೋಯ್ತು. ಪಾವಗಡದ ಹುಡುಗ, ಹೊಸದಾಗಿ ಸ್ಟುಡಿಯೊ ಇಡ್ತಿದ್ದಾನೆ. ಮೂರು ದಿನ ಚೌಕಾಸಿ ಮಾಡ್ದ. ಶಟರ್ ಕೌಂಟ್ ಎಷ್ಟು, ಲೆನ್ಸಲ್ಲಿ ಫಂಗಸ್ ಇದ್ಯಾ, ರಬ್ಬರ್ ಸಡಿಲ ಆಗಿದ್ಯಾ, ಬಿಲ್ ಇದ್ಯಾ. ಸಾಕಾಗಿಹೋಯ್ತು. ₹1,42,000ಕ್ಕೆ ನಿಂತ.

ಅಪ್ಪನ್ನೂ ಕರ್ಕೊಂಡು ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿದ್ದ. ಬ್ಯಾಂಕ್ ಬಾಗಿಲು ತೆಗೆಯೋ ಮುಂಚೆನೇ ಮೆಟ್ಲ ಮೇಲೆ ಕೂತಿದ್ರು. ಬ್ಯಾಂಕಲ್ಲೇ ಸಿಗೋಣ ಅಂತ ನಾನು ಹೇಳಿದಾಗ ಅಪ್ಪ ಫೋನ್ ಕಿತ್ಕೊಂಡು "ಅದೇ ಒಳ್ಳೇದು ಸ್ವಾಮಿ, ನಮಗೂ ಭಯ ಐತೆ, ದುಡ್ಡು ಇಸ್ಕೊಂಡು ಕೆಟ್ಟ ಮಾಲು ಕೊಟ್ರೆ ಏನ್ ಮಾಡಾದು" ಅಂದಿದ್ರು. ಕೊಳ್ಳೋರಿಗೂ ಅಷ್ಟೇ ಭಯ ಇರತ್ತೆ ಅನ್ನೋದು ನನ್ನ ತಲೆಗೇ ಹೊಳೆದಿರ್ಲಿಲ್ಲ. ಹುಡುಗ ಬ್ಯಾಂಕಿನ ಹಾಲಲ್ಲೇ ಸೆಕ್ಯೂರಿಟಿಯವರನ್ನ ನಿಲ್ಲಿಸಿ ನಾಲ್ಕು ಫೋಟೊ ತೆಗೆದು ಜೂಮ್ ಮಾಡಿ ನೋಡ್ದ. ಸೆಕ್ಯೂರಿಟಿಯವರು ಟೋಪಿ ಸರಿ ಮಾಡ್ಕೊಂಡು ನಿಂತ್ರು, ಆಮೇಲೆ ಬ್ಯಾಂಕೊಳಗೆ ಫೋಟೊ ತೆಗೀಬಾರ್ದು ಅಂತ ನೆನಪಾಗಿ ಬೈದ್ರು.

ಒಂದು ಲಕ್ಷ ಯುಪಿಐ, ಅವನ ಹೆಸರಲ್ಲೇ ಬಂತು, ಡಿಎಲ್ ನೋಡಿದೆ. ಉಳಿದ ₹42,000 ಅಪ್ಪ ಪಂಚೆ ಒಳಗಿನ ಚಡ್ಡಿ ಜೇಬಿಂದ ತೆಗೆದು ಚಲನ್‌ನಲ್ಲಿ ಕಟ್ಟಿದ್ರು. ಅವರ ಶೇಂಗಾ ದುಡ್ಡಂತೆ. ಹಾಳೆ ಬರೆದ್ವಿ, ಎರಡು ಪ್ರತಿ, ಸೀರಿಯಲ್ ನಂಬರ್ ಸಮೇತ. ಹೊರಗೆ ಬಂದು ಹುಡುಗ ಕ್ಯಾಮರಾ ಕೊರಳಿಗೆ ಹಾಕ್ಕೊಂಡು ನಿಂತ ಫೋಟೊ ತೆಗೆದೆ. ದಾಖಲೆಗೆ ಅಂತ ತೆಗೆದಿದ್ದು, ಚೆನ್ನಾಗಿ ಬಂತು, ಅವರಿಗೂ ಕಳಿಸಿದೆ.

ಚಿಂತಾಮಣಿ ತಮ್ಮ, ನಿಮ್ಮ ನಂಬರ್ ಖಾಸಗಿಯಾಗಿ ಕಳಿಸಿ. ಮನೇಲಿ ಏನಾದ್ರೂ ಶುಭಕಾರ್ಯ ಇದ್ರೆ ಫೋಟೊ ನಂದು, ಪೆಟ್ರೋಲ್ ಖರ್ಚು ಕೊಟ್ರೆ ಸಾಕು.

ಡಿ850ರ ಬ್ಯಾಟರಿ ಗ್ರಿಪ್ ಒಂದು ಉಳಿದಿದೆ. ಯಾರಿಗಾದ್ರೂ ಬೇಕಾ? ₹6,000.

ಕ್ಯಾತ್ಸಂದ್ರ ತಟ್ಟೆ · 6:23

ಲಾಸ್ಟ್ ಎಷ್ಟು ಬ್ರೋ